ಅರವತ್ತನಾಲ್ಕು ಮನೆಗಳ ಅಕ್ಕಿ: 18446744073709551615ರ ಒಳಗೆ ಏನಿದೆ?

ಪ್ರಶ್ನೆ: ನಾನು ಕುಂಬಳೆ ಉಪಜಿಲ್ಲೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನ ಗಣಿತ ಅಧ್ಯಾಪಿಕೆ. ಗಣಿತ ಮೇಳದ ನಂಬರ್ ಚಾರ್ಟಿಗೆಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಚದುರಂಗದ 64 ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಇಮ್ಮಡಿಸುತ್ತಾ ರಾಜನೊಬ್ಬ ಅಕ್ಕಿ ಕೊಡಬೇಕಾಗಿ ಬರುವ ಅಂಬಲಪ್ಪುಳದ ಕಥೆಯನ್ನು ಆರಿಸಿಕೊಂಡಿದ್ದಾಳೆ. ಶಾಲೆಯ ಕಂಪ್ಯೂಟರಿನ ಸ್ಪ್ರೆಡ್‌ಶೀಟು ಒಟ್ಟು ಕಾಳುಗಳು 18446744073709600000 ಎನ್ನುತ್ತದೆ. ಪುಸ್ತಕವೊಂದರಲ್ಲಿ 18446744073709551615 ಎಂದಿದೆ. ಯಾವುದು ಸರಿ? ಈ ಸಂಖ್ಯೆ ಅವಿಭಾಜ್ಯವೇ, ಅಲ್ಲವಾದರೆ ಯಾವುದರಿಂದೆಲ್ಲ ನಿಶ್ಶೇಷವಾಗಿ ಭಾಗವಾಗುತ್ತದೆ? ಬಹಳ ದೊಡ್ಡದು ಎನ್ನುವುದನ್ನು ಬಿಟ್ಟರೆ ಇದಕ್ಕೆ ಬೇರೆ ವಿಶೇಷವೇನಾದರೂ ಇದೆಯೇ?

ಉತ್ತರ: ಪುಸ್ತಕದ್ದೇ ಸರಿ. ಅದನ್ನು ಒಪ್ಪಿಕೊಳ್ಳಲು ಪುಸ್ತಕವನ್ನು ನಂಬಬೇಕಾದ ಅಗತ್ಯವೂ ಇಲ್ಲ. ಒಟ್ಟು ಕಾಳುಗಳು 2ರ 64ನೆಯ ಘಾತಕ್ಕಿಂತ ಒಂದು ಕಡಿಮೆ; ಏಕೆಂಬುದನ್ನು ಮುಂದೆ ಹೇಳುತ್ತೇನೆ. ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕು ಹೆಜ್ಜೆಗೊಮ್ಮೆ ಸುತ್ತುತ್ತಿರುತ್ತದೆ. 64 ನಾಲ್ಕರ ಗುಣಕವಾದುದರಿಂದ 2ರ 64ನೆಯ ಘಾತ 6ರಲ್ಲಿ ಮುಗಿಯಲೇಬೇಕು. ಅದರಿಂದ ಒಂದು ಕಳೆದಾಗ 5 ಉಳಿಯಬೇಕು. ಸೊನ್ನೆಯಲ್ಲಿ ಮುಗಿಯುವ ಉತ್ತರ ಯಾವ ಯಂತ್ರದಿಂದ ಬಂದರೂ ಸರಿಯಿರಲಾರದು. ಕೊನೆಯ ಎರಡು ಅಂಕಿಗಳನ್ನು ಹಿಡಿದರೆ ಸುತ್ತು ಇಪ್ಪತ್ತು ಹೆಜ್ಜೆಗಳದ್ದು. 64ನೆಯ ಘಾತವು ನಾಲ್ಕನೆಯ ಘಾತದಂತೆಯೇ 16ರಲ್ಲಿ ಮುಗಿಯುತ್ತದೆ, ಹಾಗಾಗಿ ನಮ್ಮ ಸಂಖ್ಯೆ 15ರಲ್ಲಿ ಮುಗಿಯುತ್ತದೆ. ಅಂದರೆ ಅದು 5ರಿಂದ ಭಾಗವಾಗುತ್ತದೆ, 25ರಿಂದ ಆಗುವುದಿಲ್ಲ ಎಂಬಷ್ಟು ಈಗಲೇ ತಿಳಿಯಿತು.

ಹಾಗಾದರೆ ಕಂಪ್ಯೂಟರು ಎಡವಿದ್ದೆಲ್ಲಿ? ಸ್ಪ್ರೆಡ್‌ಶೀಟು ಸಂಖ್ಯೆಯನ್ನು ಹದಿನೈದು ಅಂಕಿಗಳಿಗೆ ದುಂಡಾಗಿಸಿ ತೋರಿಸಿ, ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಅದರ ಒಳಗಿನ ಲೆಕ್ಕವೂ 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯ 53 ಅಂಕಿಗಳಿಗೆ ಸೀಮಿತ. ನಮ್ಮ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದರೆ ಸಾಲಾಗಿ 64 ಒಂದುಗಳು ಬರುತ್ತವೆ, ನಡುವೆ ಒಂದು ಸೊನ್ನೆಯೂ ಇಲ್ಲ. 64 ಒಂದುಗಳನ್ನು 53 ಸ್ಥಾನಗಳಲ್ಲಿ ತುಂಬಲು ಹೋದರೆ ಅದು ಪಕ್ಕದ 2ರ 64ನೆಯ ಘಾತಕ್ಕೆ ಜಾರಿಬಿಡುತ್ತದೆ. ಒಂದು ಕಾಳು ಹೆಚ್ಚಾದರೆ ರಾಜನಿಗೇನೂ ನಷ್ಟವಿಲ್ಲ. ಆದರೆ ಆ ಒಂದು ಕಾಳನ್ನು ಕಳೆಯುವುದರಲ್ಲಿಯೇ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೆಲ್ಲ ಅಡಗಿದೆ. 2ರ 64ನೆಯ ಘಾತಕ್ಕೆ ಎರಡನ್ನು ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನವೇ ಇಲ್ಲ. ಅದರಿಂದ ಒಂದನ್ನು ಕಳೆದ ಕೂಡಲೇ ಎರಡು ಪೂರ್ತಿ ಮರೆಯಾಗಿ, ಬೇರೆಯೇ ಏಳು ಅವಿಭಾಜ್ಯಗಳು ಬಂದು ಕೂರುತ್ತವೆ.

ಒಂದು ಕಳೆಯುವುದೇಕೆಂದು ಮಕ್ಕಳು ಕೇಳಿಯಾರು. ಯಾವ ಮನೆಯಲ್ಲಿ ನಿಂತು ಹಿಂದಕ್ಕೆ ನೋಡಿದರೂ, ಹಿಂದಿನ ಎಲ್ಲ ಮನೆಗಳ ಅಕ್ಕಿಯನ್ನು ಕೂಡಿಸಿದಾಗ ಈ ಮನೆಯದಕ್ಕಿಂತ ಒಂದು ಕಾಳು ಕಡಿಮೆಯಿರುತ್ತದೆ. 1 ಮತ್ತು 2 ಸೇರಿ 3, ಮುಂದಿನ ಮನೆ 4. 1, 2, 4 ಸೇರಿ 7, ಮುಂದಿನ ಮನೆ 8. ಕೊನೆಯ ಮನೆಯೊಂದರಲ್ಲಿಯೇ 9223372036854775808 ಕಾಳುಗಳಿವೆ. ಮೊದಲ 63 ಮನೆಗಳು ಒಟ್ಟಾದರೂ ಅದಕ್ಕೆ ಒಂದು ಕಾಳು ಸಾಲದು. ಇಲ್ಲದ 65ನೆಯ ಮನೆಯಲ್ಲಿ 2ರ 64ನೆಯ ಘಾತದಷ್ಟು ಇರಬೇಕಿತ್ತು, ಆದ್ದರಿಂದ ಇರುವ 64 ಮನೆಗಳ ಮೊತ್ತ ಅದಕ್ಕಿಂತ ಒಂದು ಕಡಿಮೆ.

ಸಂಖ್ಯೆಯನ್ನು ಕೈಯಲ್ಲಿಯೇ ಲೆಕ್ಕ ಹಾಕುವ ದಾರಿಯನ್ನು ಚಾರ್ಟಿನಲ್ಲಿ ಸೇರಿಸಿಕೊಳ್ಳಿ, ಏಕೆಂದರೆ ಅದು ನಮ್ಮ ಛಂದಸ್ಸಿನ ದಾರಿಯೂ ಹೌದು. ಇಷ್ಟು ಅಕ್ಷರಗಳ ಸಾಲಿನಲ್ಲಿ ಗುರು ಲಘುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು ಎಂಬ ಪ್ರಶ್ನೆಗೆ ಪಿಂಗಳನ ಛಂದಶ್ಶಾಸ್ತ್ರದಲ್ಲಿ ಒಂದು ಉಪಾಯವಿದೆ: ಅಕ್ಷರಗಳ ಸಂಖ್ಯೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಒಂದು ಕಳೆ, ಸೊನ್ನೆಗೆ ತಲುಪಿದ ಮೇಲೆ ಹಿಂದಿರುಗು, ಬರುವಾಗ ಒಂದು ಕಳೆದ ಕಡೆ ಇಮ್ಮಡಿಸು, ಅರ್ಧ ಮಾಡಿದ ಕಡೆ ವರ್ಗ ಮಾಡು. 64ನ್ನು ಆರು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ, ಅದರಿಂದ ಒಂದು ಕಳೆದರೆ ಸೊನ್ನೆ; ಹಿಂದಿರುಗುವಾಗ ಮೊದಲು 1ನ್ನು ಇಮ್ಮಡಿಸಿದರೆ 2. ಹಾಗಾಗಿ 2ರಿಂದ ಹೊರಟು ಆರು ಸಲ ವರ್ಗ ಮಾಡಿದರೆ ಕೆಲಸ ಮುಗಿಯಿತು: 4, 16, 256, 65536, 4294967296, ಮತ್ತು ಆರನೆಯದು ನಮಗೆ ಬೇಕಾದುದು. ಅರವತ್ತಮೂರು ಸಲ ಇಮ್ಮಡಿಸುವ ಶ್ರಮ ಆರು ಗುಣಾಕಾರಗಳಿಗೆ ಇಳಿಯಿತು. ಕೊನೆಯ ಗುಣಾಕಾರವಷ್ಟೇ ಸ್ವಲ್ಪ ದೊಡ್ಡದು. 4294967296ನ್ನು 42949 ಮತ್ತು 67296 ಎಂದು ಎರಡು ತುಂಡು ಮಾಡಿಕೊಳ್ಳಿ. ಮೊದಲ ತುಂಡಿನ ವರ್ಗ 1844616601. ಎರಡು ತುಂಡುಗಳ ಗುಣಲಬ್ಧದ ಇಮ್ಮಡಿ 5780591808. ಎರಡನೆಯ ತುಂಡಿನ ವರ್ಗ 4528751616. ಮೊದಲನೆಯದನ್ನು ಹತ್ತು ಸ್ಥಾನ, ಎರಡನೆಯದನ್ನು ಐದು ಸ್ಥಾನ ಎಡಕ್ಕೆ ಸರಿಸಿ ಮೂರನ್ನೂ ಕೂಡಿಸಿದರೆ 18446744073709551616 ಬರುತ್ತದೆ. ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ಈ ಚದುರಂಗದ ಮೊತ್ತವನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಬರೆದಿಟ್ಟದ್ದೂ ವರ್ಗ ಮಾಡುತ್ತಾ ಹೋಗುವ ದಾರಿಯಲ್ಲಿಯೇ.

ಛಂದಸ್ಸಿನ ಮಾತು ಬಂದುದರಿಂದ ಒಂದು ಸಣ್ಣ ವಿಷಯಾಂತರ. ಪಾದವೊಂದಕ್ಕೆ ಹದಿನಾರು ಅಕ್ಷರಗಳಿರುವ ಪಂಚಚಾಮರದಂತಹ ವೃತ್ತಗಳ ವರ್ಗಕ್ಕೆ ಅಷ್ಟಿ ಎಂದು ಹೆಸರು. ನಾಲ್ಕು ಪಾದಗಳಿಗೆ ಒಟ್ಟು 64 ಅಕ್ಷರಗಳು. ನಾಲ್ಕು ಪಾದಗಳೂ ಒಂದೇ ತೆರನಾಗಿರಬೇಕು ಎಂಬ ಕಟ್ಟಳೆಯನ್ನು ತೆಗೆದುಹಾಕಿದರೆ, ಅಂತಹ ಪದ್ಯವೊಂದರ ಗುರು ಲಘು ವಿನ್ಯಾಸಗಳ ಸಂಖ್ಯೆ ಸರಿಯಾಗಿ 2ರ 64ನೆಯ ಘಾತ. ಅದರಲ್ಲಿ ಎಲ್ಲವೂ ಲಘುವಾಗಿರುವ ಒಂದೇ ಒಂದು ವಿನ್ಯಾಸವನ್ನು ಬಿಟ್ಟರೆ ಉಳಿಯುವುದು ರಾಜ ಕೊಡಬೇಕಾದ ಅಕ್ಕಿಯ ಲೆಕ್ಕ. ಯಕ್ಷಗಾನದ ಊರಿನ ಮಕ್ಕಳಿಗೆ ಈ ಹೋಲಿಕೆ ಹಿಡಿಸೀತು ಎಂದು ನನಗನಿಸುತ್ತದೆ.

ಇಪ್ಪತ್ತು ಅಂಕಿಗಳ ಈ ಸಂಖ್ಯೆಯನ್ನು ಓದುವುದು ಹೇಗೆ? ಕೋಟಿಯನ್ನೇ ಘಟಕವಾಗಿ ಹಿಡಿದರೆ 1,84,467 ಕೋಟಿ ಕೋಟಿ, 44,07,370 ಕೋಟಿ, 95,51,615. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನ ಮಹಾಶಂಖ. ನಮ್ಮ ಸಂಖ್ಯೆಯ ಮೊದಲ ಅಂಕಿ ಅಲ್ಲಿ ಕುಳಿತಿದೆ, ಇನ್ನೂ ನಾಲ್ಕು ಸ್ಥಾನಗಳು ಖಾಲಿಯಿವೆ. ಕನ್ನಡ ನಾಡಿನ ಗಣಿತಜ್ಞನಿಗೆ ಒಂಬತ್ತನೆಯ ಶತಮಾನದಲ್ಲಿಯೇ ಈ ಸಂಖ್ಯೆಗೆ ಹೆಸರಿಡುವುದು ಕಷ್ಟವಾಗುತ್ತಿರಲಿಲ್ಲ ಎಂದಾಯಿತು.

ಗಾತ್ರದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಹೆಚ್ಚಿನ ಚಾರ್ಟುಗಳು ಅಲ್ಲಿಗೇ ನಿಂತುಬಿಡುತ್ತವೆ. ಗ್ರಾಮಿಗೆ ಐವತ್ತು ಕಾಳು ಎಂದು ಹಿಡಿದರೆ ಒಟ್ಟು ಅಕ್ಕಿ ಸುಮಾರು 36,900 ಕೋಟಿ ಟನ್ನು. ಇಡೀ ಲೋಕ ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿಗಿಂತ ತುಸು ಹೆಚ್ಚು. ಏಳುನೂರು ವರ್ಷಗಳ ಬೆಳೆಯೆನ್ನಿ. ಘನಮೀಟರಿಗೆ 800 ಕಿಲೋ ಎಂದು ಲೆಕ್ಕ ಹಾಕಿ 1,992 ಚದರ ಕಿಲೋಮೀಟರಿನ ಕಾಸರಗೋಡು ಜಿಲ್ಲೆಯ ಮೇಲೆ ಸಮನಾಗಿ ಹರಡಿದರೆ ರಾಶಿ ಸುಮಾರು 230 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ನಮ್ಮ ಹಿರಿಯರ ಮುಡಿಯ ಲೆಕ್ಕದಲ್ಲಿ ಹೇಳಬೇಕೆಂದರೆ, ಮುಡಿಗೆ ನಲವತ್ತು ಕಿಲೋ ಎಂದಿಟ್ಟುಕೊಂಡಾಗ 9,22,337 ಕೋಟಿ ಚಿಲ್ಲರೆ ಮುಡಿ. ಈ ಅಂಕಿಗಳು ಕೊನೆಯ ಮನೆಯ 9223372036854775808ರ ಮೊದಲ ಅಂಕಿಗಳೇ ಎಂಬುದನ್ನು ಗಮನಿಸಿ. ಇದರಲ್ಲಿ ಪವಾಡವೇನಿಲ್ಲ: ಒಂದು ಮುಡಿಗೆ 20 ಲಕ್ಷ ಕಾಳು ಎಂದಾಗ, ಎರಡರಿಂದ ಭಾಗಿಸಿ ಆರು ಸ್ಥಾನ ಸರಿಸಿದಂತಾಯಿತು, ಅಷ್ಟೆ.

ಇನ್ನು ಮುಖ್ಯ ಪ್ರಶ್ನೆ. ಈ ಸಂಖ್ಯೆ ಅವಿಭಾಜ್ಯವಲ್ಲ. ಕೊನೆಯ ಅಂಕಿ 5 ಎಂಬುದೊಂದೇ ಅದಕ್ಕೆ ಸಾಕು. ಅಂಕಿಗಳ ಮೊತ್ತ 87 ಆದುದರಿಂದ 3ರಿಂದಲೂ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಆದರೆ ಹೀಗೆ ಒಂದೊಂದಾಗಿ ತಟ್ಟಿ ನೋಡುತ್ತಾ ಹೋಗುವ ಬದಲು, ನಿಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತಿರುವ ಒಂದು ಸೂತ್ರ ಇಡೀ ಸಂಖ್ಯೆಯನ್ನು ಬಿಡಿಸಿ ಕೊಡುತ್ತದೆ: ಎರಡು ವರ್ಗಗಳ ವ್ಯತ್ಯಾಸವು ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ. ನಮ್ಮ ಸಂಖ್ಯೆ 4294967296ರ ವರ್ಗದಿಂದ ಒಂದನ್ನು ಕಳೆದದ್ದು. ಆದ್ದರಿಂದ ಅದು 4294967297 ಮತ್ತು 4294967295ರ ಗುಣಲಬ್ಧ. ಇವುಗಳಲ್ಲಿ ಎರಡನೆಯದು ಮತ್ತೆ 65536ರ ವರ್ಗದಿಂದ ಒಂದನ್ನು ಕಳೆದದ್ದು, ಅಂದರೆ 65537 ಮತ್ತು 65535ರ ಗುಣಲಬ್ಧ. 65535ನ್ನು ಒಡೆದರೆ 257 ಮತ್ತು 255. 255ನ್ನು ಒಡೆದರೆ 17 ಮತ್ತು 15. 15ನ್ನು ಒಡೆದರೆ 5 ಮತ್ತು 3. ಆರು ಸಲ ವರ್ಗ ಮಾಡಿ ಹತ್ತಿದ ಮೆಟ್ಟಿಲುಗಳನ್ನೇ ಈಗ ಒಂದೊಂದಾಗಿ ಇಳಿದೆವು, ಪ್ರತಿ ಮೆಟ್ಟಿಲಿನಲ್ಲಿಯೂ ಒಂದು ಅಪವರ್ತನ ಕೈಗೆ ಸಿಕ್ಕಿತು:

18446744073709551615 = 3 × 5 × 17 × 257 × 65537 × 4294967297

ಮನೆಗಳ ಸಂಖ್ಯೆ 64 ಎಂಬುದು ಸ್ವತಃ ಎರಡರ ಘಾತವಾಗಿರುವುದರಿಂದಲೇ ಇದು ಇಷ್ಟು ಸಲೀಸಾಯಿತು. ಈ ಆರು ಸಂಖ್ಯೆಗಳಲ್ಲಿ ಯಾವ ಎರಡಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಹಿಂದಿನವನ್ನೆಲ್ಲ ಗುಣಿಸಿ ಎರಡು ಕೂಡಿಸಿದರೆ ಮುಂದಿನದು ಬರುತ್ತದೆ: 3 × 5 ಕೂಡಿಸು 2 ಸಮ 17, 3 × 5 × 17 ಕೂಡಿಸು 2 ಸಮ 257. ಹಾಗಿರುವಾಗ ಎರಡಕ್ಕೂ ಸಾಮಾನ್ಯವಾದ ಅಪವರ್ತನವಿದ್ದರೆ ಅದು 2ನ್ನೂ ಭಾಗಿಸಬೇಕಾಗುತ್ತದೆ. ಇವೆಲ್ಲವೂ ಬೆಸ ಸಂಖ್ಯೆಗಳಾದುದರಿಂದ ಅದು ಅಸಾಧ್ಯ.

ಈ ಆರೂ ಫ್ರೆಂಚ್ ಗಣಿತಜ್ಞ ಫೆರ್ಮಾನಿಂದಾಗಿ ಫೆರ್ಮಾ ಸಂಖ್ಯೆಗಳೆಂದು ಹೆಸರಾದವು. 3, 5, 17, 257, 65537 ಇವೆಲ್ಲ ಅವಿಭಾಜ್ಯಗಳು. 1640ರ ಪತ್ರವೊಂದರಲ್ಲಿ ಫೆರ್ಮಾ ಈ ಸರಣಿಯ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳಾಗಿರಬೇಕೆಂದು ಊಹಿಸಿದ್ದ. ಆ ಮಾತು ನಿಜವಾಗಿದ್ದರೆ 4294967297 ಕೂಡ ಅವಿಭಾಜ್ಯವಾಗಿ, ನಮ್ಮ ಸಂಖ್ಯೆಗೆ ಆರೇ ಅವಿಭಾಜ್ಯ ಅಪವರ್ತನಗಳಿದ್ದು, ಒಟ್ಟು ಭಾಜಕಗಳು ಸರಿಯಾಗಿ 64 ಇರುತ್ತಿದ್ದವು: ಮನೆಗೊಂದು ಭಾಜಕ! ಇಷ್ಟು ಚೆಂದದ ಹೊಂದಾಣಿಕೆಯನ್ನು ಕೆಡಿಸಿದ್ದು 641 ಎಂಬ ಸಾಧಾರಣ ಸಂಖ್ಯೆ. 1732ರಲ್ಲಿ ಆಯ್ಲರ್ 4294967297ನ್ನು 641 × 6700417 ಎಂದು ಒಡೆದು ತೋರಿಸಿದ.

ಅವನಿಗೆ 641 ಸಿಕ್ಕಿದ್ದು ಅದೃಷ್ಟದಿಂದಲ್ಲ. ಇದನ್ನು ವಿವರಿಸಲು ತಾಳದ ಆವರ್ತಕ್ಕಿಂತ ಒಳ್ಳೆಯ ಹೋಲಿಕೆ ನನಗೆ ತಿಳಿಯದು. ಯಾವುದಾದರೂ ಬೆಸ ಅವಿಭಾಜ್ಯವನ್ನು ತೆಗೆದುಕೊಂಡು, ಎರಡರ ಘಾತಗಳನ್ನು ಅದರಿಂದ ಭಾಗಿಸುತ್ತಾ ಶೇಷಗಳನ್ನು ಮಾತ್ರ ಬರೆದುಕೊಳ್ಳಿ. 7ನ್ನು ತೆಗೆದುಕೊಂಡರೆ 2, 4, 1, 2, 4, 1 ಎಂದು ಮೂರು ಪೆಟ್ಟಿನ ಆವರ್ತ. 17ನ್ನು ತೆಗೆದುಕೊಂಡರೆ 2, 4, 8, 16, 15, 13, 9, 1 ಎಂದು ಎಂಟು ಪೆಟ್ಟಿನದು. ನಮ್ಮ ಸಂಖ್ಯೆಯನ್ನು ಒಂದು ಅವಿಭಾಜ್ಯವು ಭಾಗಿಸಬೇಕಾದರೆ 64ನೆಯ ಪೆಟ್ಟಿಗೆ ಶೇಷ 1 ಬರಬೇಕು, ಎಂದರೆ ಆವರ್ತವು ಅಲ್ಲಿ ಸರಿಯಾಗಿ ಮುಗಿತಾಯಕ್ಕೆ ಬರಬೇಕು. ಮೂರು ಪೆಟ್ಟಿನ ಆವರ್ತ 64ರಲ್ಲಿ ಮುಗಿಯದು, ಆದುದರಿಂದ 7 ಭಾಗಿಸುವುದಿಲ್ಲ. 11ರ ಆವರ್ತ ಹತ್ತು ಪೆಟ್ಟಿನದು, 13ರದ್ದು ಹನ್ನೆರಡು, 19ರದ್ದು ಹದಿನೆಂಟು, 31ರದ್ದು ಐದು. ಯಾವುದೂ 64ಕ್ಕೆ ಕೂಡಿಬರುವುದಿಲ್ಲ. ಆವರ್ತದ ಉದ್ದ 2, 4, 8, 16, 32 ಅಥವಾ 64 ಆಗಿರುವ ಅವಿಭಾಜ್ಯಗಳಿಗೆ ಮಾತ್ರ ಒಳಗೆ ಪ್ರವೇಶ. 3ರದ್ದು ಎರಡು, 5ರದ್ದು ನಾಲ್ಕು, 17ರದ್ದು ಎಂಟು, 257ರದ್ದು ಹದಿನಾರು, 65537ರದ್ದು ಮೂವತ್ತೆರಡು.

ಉಳಿದದ್ದು 64 ಪೆಟ್ಟಿನ ಆವರ್ತದವು, ಅವೇ 4294967297ರ ಅಪವರ್ತನಗಳು. ಆವರ್ತದ ಉದ್ದವು ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಯಾವಾಗಲೂ ನಿಶ್ಶೇಷವಾಗಿ ಭಾಗಿಸುತ್ತದೆ; ಇದು ಫೆರ್ಮಾನದ್ದೇ ಇನ್ನೊಂದು ಪ್ರಮೇಯ, ಮತ್ತು ಅವನ ಊಹೆಯನ್ನು ಕೆಡವಿದ ಆಯುಧವೂ ಅದೇ. ಹಾಗಾಗಿ 4294967297ನ್ನು ಭಾಗಿಸುವ ಅವಿಭಾಜ್ಯಗಳು 64ರ ಗುಣಕಕ್ಕೆ ಒಂದು ಕೂಡಿಸಿದ ರೂಪದಲ್ಲಿರಬೇಕು. 65, 129, 193, 257, 321, 385, 449, 513, 577, 641 ಎಂದು ಬರೆದುಕೊಂಡು ವಿಭಾಜ್ಯಗಳನ್ನು ಹೊಡೆದುಹಾಕಿ. ಉಳಿಯುವವು 193, 257, 449, 577, 641. ಇವುಗಳಲ್ಲಿ 257 ಈಗಾಗಲೇ ಕೆಳಗಿನ ಮೆಟ್ಟಿಲಿನದು. ಅಂದರೆ ನಾಲ್ಕನೆಯ ಭಾಗಾಕಾರಕ್ಕೆ ಉತ್ತರ ಸಿಕ್ಕಿತು. ನಂತರ 19ನೆಯ ಶತಮಾನದಲ್ಲಿ ಲೂಕಾ 64ರ ಜಾಗದಲ್ಲಿ 128 ಎಂದೇ ಹಿಡಿಯಬಹುದೆಂದು ತೋರಿಸಿದ ಮೇಲೆ 641 ಮೊದಲ ಭಾಗಾಕಾರಕ್ಕೇ ಸಿಗುವಂತಾಯಿತು.

641 ನಿಜವಾಗಿ ಭಾಗಿಸುತ್ತದೆ ಎಂಬುದನ್ನು ಭಾಗಾಕಾರವಿಲ್ಲದೆಯೂ ಕಾಣಬಹುದು. 641 ಎಂದರೆ 5 × 128 + 1. ಅದೇ 641 ಎಂದರೆ 625 + 16 ಕೂಡ, ಎಂದರೆ 5ರ ನಾಲ್ಕನೆಯ ಘಾತ ಮತ್ತು 2ರ ನಾಲ್ಕನೆಯ ಘಾತಗಳ ಮೊತ್ತ. ಮೊದಲನೆಯದರ ಪ್ರಕಾರ 641ರ ಲೆಕ್ಕದಲ್ಲಿ, ಅಂದರೆ 641ರ ಗುಣಕಗಳನ್ನು ಸೊನ್ನೆಯೆಂದು ಬಿಟ್ಟು ಶೇಷವನ್ನಷ್ಟೇ ನೋಡಿದರೆ, 5 × 2⁷ ಎಂಬುದು −1ಕ್ಕೆ ಸಮಾನ. ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮಾನ. ಎರಡನೆಯದರ ಪ್ರಕಾರ 5⁴ ಎಂಬುದು −2⁴ಕ್ಕೆ ಸಮಾನ. ಅದನ್ನು ಇದರಲ್ಲಿ ತುಂಬಿದರೆ −2³² ಎಂಬುದು 1ಕ್ಕೆ ಸಮಾನವಾಗುತ್ತದೆ. 2³² + 1 ನಿಶ್ಶೇಷವಾಗಿ ಭಾಗವಾಯಿತು. ಹತ್ತನೆಯ ತರಗತಿಯವರಿಗೆ ಇದನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಿದಾಗ ಒಂದು ಕ್ಷಣ ಮೌನವಾಗುತ್ತದೆ, ಆಮೇಲೆ ಯಾರಾದರೊಬ್ಬರು ಇನ್ನೊಮ್ಮೆ ಮಾಡಿ ಎನ್ನುತ್ತಾರೆ.

6700417 ಅವಿಭಾಜ್ಯವೇ? ಇದನ್ನೂ ಮಕ್ಕಳೇ ಪರೀಕ್ಷಿಸಬಹುದು. ಅದರ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಲೂಕಾನ ನಿಯಮದಂತೆ 128ರ ಗುಣಕಕ್ಕೆ ಒಂದು ಕೂಡಿಸಿ 2588ರ ಒಳಗೆ ಬರುವ ಅವಿಭಾಜ್ಯಗಳನ್ನು ಬರೆದರೆ, 257ನ್ನು ಬಿಟ್ಟು 641, 769, 1153, 1409 ಎಂಬ ನಾಲ್ಕೇ ಉಳಿಯುತ್ತವೆ. ಇವುಗಳಿಂದ 6700417ನ್ನು ಭಾಗಿಸಿದಾಗ ಬರುವ ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆಯಲ್ಲ, ಆದ್ದರಿಂದ ಅದು ಅವಿಭಾಜ್ಯ. ಅರುವತ್ತೇಳು ಲಕ್ಷದ ಸಂಖ್ಯೆಯೊಂದನ್ನು ನಾಲ್ಕು ಭಾಗಾಕಾರಗಳಲ್ಲಿ ತೀರ್ಮಾನಿಸುವುದು ಎಲ್ಲ ಸಂಖ್ಯೆಗಳಿಗೂ ಸಿಗುವ ಭಾಗ್ಯವಲ್ಲ. ಇದೇ ಸರಣಿಯಲ್ಲಿ, 3ನ್ನು ಸೊನ್ನೆಯನೆಯದೆಂದು ಎಣಿಸಿದರೆ ಇಪ್ಪತ್ತನೆಯದಾಗುವ ಫೆರ್ಮಾ ಸಂಖ್ಯೆ ವಿಭಾಜ್ಯವೆಂದು ಸಿದ್ಧವಾಗಿದ್ದರೂ, ಅದರ ಒಂದು ಅಪವರ್ತನವೂ ಇದುವರೆಗೆ ಕೈಗೆ ಸಿಕ್ಕಿಲ್ಲ. 65537ರ ನಂತರ ಈ ಸರಣಿಯಲ್ಲಿ ಇನ್ನೊಂದು ಅವಿಭಾಜ್ಯ ಕಂಡದ್ದೂ ಇಲ್ಲ.

ಪೂರ್ತಿ ಬಿಡಿಸಿದ ರೂಪ ಹೀಗೆ:

18446744073709551615 = 3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯಗಳು, ಯಾವುದೂ ಎರಡನೆಯ ಸಲ ಬಂದಿಲ್ಲ. ಆದುದರಿಂದ ಒಂದನ್ನು ಬಿಟ್ಟು ಬೇರೆ ಯಾವ ವರ್ಗಸಂಖ್ಯೆಯೂ ಇದನ್ನು ಭಾಗಿಸದು. ಭಾಜಕವೊಂದನ್ನು ಕಟ್ಟುವಾಗ ಏಳರಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಇದು ಮತ್ತೆ ಗುರು ಲಘುವಿನ ಲೆಕ್ಕವೇ, ಏಳಕ್ಷರದ್ದು. ಹಾಗಾಗಿ ಭಾಜಕಗಳು ಒಟ್ಟು 128. ಚಿಕ್ಕವುಗಳಿಂದ ಆರಂಭಿಸಿದರೆ 1, 3, 5, 15, 17, 51, 85, 255, 257, 641, 771 ಎಂದು ಪಟ್ಟಿ ಸಾಗುತ್ತದೆ. ತನ್ನನ್ನು ಬಿಟ್ಟು ಉಳಿದ 127 ಭಾಜಕಗಳನ್ನು ಕೂಡಿಸಿದರೆ ಸಂಖ್ಯೆಯ ನೂರಕ್ಕೆ ಸುಮಾರು 70ರಷ್ಟಾಗುತ್ತದೆ. ಪರಿಪೂರ್ಣ ಸಂಖ್ಯೆಗೆ ಬೇಕಾದ ನೂರಕ್ಕೆ ನೂರು ಬಾರದ ಕಾರಣ ಇದು ಊನ ಸಂಖ್ಯೆಗಳ ಗುಂಪಿಗೆ ಸೇರಿದ್ದು. ಈ ಏಳರಲ್ಲಿ ಒಂದಾದ 65537 ನಿಮ್ಮ ಬ್ಯಾಂಕಿನ ಜಾಲತಾಣದ ಭದ್ರತೆಯಲ್ಲಿಯೂ ದುಡಿಯುತ್ತಿರಬಹುದು: ಆರ್‌ಎಸ್‌ಎ ಗೂಢಲಿಪಿಯಲ್ಲಿ ಬಹಿರಂಗ ಘಾತವಾಗಿ ಹೆಚ್ಚಿನವರು ಬಳಸುವುದು ಅದನ್ನೇ.

ಬೇರೆ ವಿಶೇಷವೇನು ಎಂದು ಕೇಳಿದ್ದೀರಿ. ನನಗೆ ಬಹಳ ಇಷ್ಟವಾದದ್ದು ರೇಖಾಗಣಿತದಲ್ಲಿದೆ. ಸ್ಕೇಲು ಮತ್ತು ಕೈವಾರ ಇಷ್ಟನ್ನೇ ಹಿಡಿದು ಸಮಬಾಹು ತ್ರಿಭುಜ ಮತ್ತು ಸಮಪಂಚಭುಜಗಳನ್ನು ರಚಿಸುವುದು ಗ್ರೀಕರಿಗೆ ಗೊತ್ತಿತ್ತು. 1796ರಲ್ಲಿ, ಹದಿನೆಂಟರ ಹರೆಯದ ಗೌಸ್ ಹದಿನೇಳು ಬಾಹುಗಳದ್ದೂ ಸಾಧ್ಯವೆಂದು ಕಂಡುಹಿಡಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆ ಬೇರೆ ಫೆರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿದ್ದಾಗ ಮಾತ್ರ ರಚನೆ ಸಾಧ್ಯ. ಬೇರೆ ಯಾವುದಕ್ಕೂ ಆಗದು ಎಂಬ ಅರ್ಧವನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದ. ತಿಳಿದಿರುವ ಫೆರ್ಮಾ ಅವಿಭಾಜ್ಯಗಳು ಐದೇ ಆದುದರಿಂದ ಅಂತಹ ಬೆಸ ಬಹುಭುಜಗಳು ನಮಗೆ ತಿಳಿದಂತೆ 31. ಅವುಗಳಲ್ಲಿ ದೊಡ್ಡದಕ್ಕೆ 4294967295 ಬಾಹುಗಳು, ಮತ್ತು ಅದು ನಮ್ಮ ಸಂಖ್ಯೆಯ ಮೊದಲ ಒಡೆತದಲ್ಲಿ ಸಿಕ್ಕ ಎರಡು ತುಂಡುಗಳಲ್ಲಿ ಒಂದು. ಒಂದೊಂದು ಬಾಹು ಒಂದು ಮಿಲಿಮೀಟರ್ ಆದರೂ ಅದರ ಸುತ್ತಳತೆ ಸುಮಾರು 4,295 ಕಿಲೋಮೀಟರ್. ಹರ್ಮೆಸ್ ಎಂಬ ಜರ್ಮನ್ ಗಣಿತಜ್ಞ 65537 ಬಾಹುಗಳ ರಚನೆಯ ವಿಧಾನಕ್ಕೆ ಹತ್ತು ವರ್ಷ ದುಡಿದು 1894ರಲ್ಲಿ ಮುಗಿಸಿದ. ಅದರ ಹಸ್ತಪ್ರತಿ ಗಟಿಂಗನ್ನಿನಲ್ಲಿದೆ. ಆ ಶ್ರಮ ಬೇಕಿತ್ತೇ ಎಂದು ಕೇಳುವವರಿದ್ದಾರೆ. ನಾನು ಕೇಳುವುದಿಲ್ಲ.

ಈ 31 ಬಹುಭುಜಗಳೂ ನಿಮ್ಮ ಅಕ್ಕಿಯ ಸಂಖ್ಯೆಯೂ ಒಂದೇ ಚಿತ್ರದಲ್ಲಿ ಕಾಣುವುದು ಮೇರುಪ್ರಸ್ತಾರದಲ್ಲಿ. ಪಿಂಗಳನ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಹಲಾಯುಧನು ಹತ್ತನೆಯ ಶತಮಾನದಲ್ಲಿ ವಿವರಿಸಿದ, ಪಠ್ಯಪುಸ್ತಕಗಳು ಪಾಸ್ಕಲನ ತ್ರಿಕೋನ ಎನ್ನುವ ಅದೇ ರಚನೆ ಇದು: ತುದಿಗಳಲ್ಲಿ ಒಂದು, ನಡುವೆ ಮೇಲಿನ ಎರಡರ ಮೊತ್ತ. ಬೆಸ ಸಂಖ್ಯೆಯಿದ್ದಲ್ಲಿ 1, ಸಮ ಸಂಖ್ಯೆಯಿದ್ದಲ್ಲಿ 0 ಎಂದು ಬರೆದು, ಪ್ರತಿ ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿ. ಮೊದಲ ಸಾಲು 1, ಎರಡನೆಯದು 11 ಅಂದರೆ 3, ಮೂರನೆಯದು 101 ಅಂದರೆ 5, ನಾಲ್ಕನೆಯದು 1111 ಅಂದರೆ 15, ಮತ್ತೆ 17, 51, 85, 255, 257. ನಮ್ಮ ಭಾಜಕಗಳ ಪಟ್ಟಿಯ ಆರಂಭವೇ ಇದು! ಎರಡನೆಯ ಸಾಲಿನಿಂದ 32ನೆಯ ಸಾಲಿನವರೆಗಿನ 31 ಸಂಖ್ಯೆಗಳು ಆ 31 ಬಹುಭುಜಗಳೇ. 33ನೆಯ ಸಾಲು 4294967297; ಆಯ್ಲರನ 641 ಅಡ್ಡಬಂದು ಸರಣಿ ಮುರಿಯುವುದು ಅಲ್ಲಿ. 64ನೆಯ ಸಾಲಿನಲ್ಲಿ 64 ಸಂಖ್ಯೆಗಳಿದ್ದು ಎಲ್ಲವೂ ಬೆಸ. ಅರವತ್ತನಾಲ್ಕು ಒಂದುಗಳ ಆ ಸಾಲನ್ನು ಓದಿದರೆ 18446744073709551615. ಚದುರಂಗದ ಹಲಗೆಯಿಂದ ಬಂದ ಮೊತ್ತ ಛಂದಸ್ಸಿನ ಮೇರುವಿನಲ್ಲಿ ಸಾಲಾಗಿ ಕುಳಿತಿದೆ.

ಹಲಗೆಗೆ ಬೇರೆಷ್ಟು ಮನೆಗಳಿದ್ದರೂ ಇದೆಲ್ಲ ಇರುತ್ತಿರಲಿಲ್ಲ. 63 ಮನೆಗಳಾಗಿದ್ದರೆ ಮೊತ್ತವು 7ರಿಂದ ಎರಡು ಸಲ ಭಾಗವಾಗುತ್ತಿತ್ತು. 61 ಮನೆಗಳಾಗಿದ್ದರೆ 2305843009213693951 ಎಂಬ ಮೊತ್ತ ಸ್ವತಃ ಅವಿಭಾಜ್ಯ. ಅದನ್ನು 1883ರಲ್ಲಿ ಸಾಧಿಸಿದವನು ರಷ್ಯದ ಹಳ್ಳಿಯೊಂದರ ಪಾದ್ರಿ ಪೆರ್ವುಶಿನ್. ಅಂತಹ ಅಕ್ಕಿಯನ್ನು ಎಷ್ಟೇ ಜನರಿಗಾದರೂ ಸಮನಾಗಿ ಹಂಚಲಾಗದು, ಒಬ್ಬನೇ ಪಡೆಯಬೇಕು ಅಥವಾ ತಲೆಗೊಂದು ಕಾಳು ಕೊಡಬೇಕು.

ನಿಮ್ಮ ವಿದ್ಯಾರ್ಥಿನಿಗೆ ನನ್ನ ಸಲಹೆ ಇಷ್ಟು: ಅಕ್ಕಿಯ ರಾಶಿಯ ಚಿತ್ರವನ್ನು ಒಂದು ಮೂಲೆಗೆ ಸರಿಸಿ, ಚಾರ್ಟಿನ ನಡುವೆ 64 ಸಾಲುಗಳ ಮೇರುವನ್ನು ಬರೆಯಲಿ. ಸಂಖ್ಯೆಗಳನ್ನು ಬರೆಯಬೇಕಾಗಿಲ್ಲ. ಮೇಲಿನ ಎರಡು ಚೌಕಗಳಲ್ಲಿ ಒಂದು ಮಾತ್ರ ಬಣ್ಣದ್ದಾಗಿದ್ದರೆ ಕೆಳಗಿನದಕ್ಕೆ ಬಣ್ಣ, ಎರಡೂ ಬಣ್ಣದ್ದಾಗಿದ್ದರೆ ಅಥವಾ ಎರಡೂ ಖಾಲಿಯಿದ್ದರೆ ಖಾಲಿ, ಎರಡು ಅಂಚುಗಳಿಗೆ ಯಾವಾಗಲೂ ಬಣ್ಣ. ಒಟ್ಟು ಚೌಕಗಳು 2080. ಸಾಲುಗಳು ಇಮ್ಮಡಿಯಾದಂತೆಲ್ಲ ಬಣ್ಣದವು ಮುಮ್ಮಡಿಯಾಗುವುದರಿಂದ, ಆರು ಸಲ ಇಮ್ಮಡಿಸಿದ ಮೇಲೆ 3ರ ಆರನೆಯ ಘಾತದಷ್ಟು, ಅಂದರೆ 729 ಚೌಕಗಳಿಗೆ ಬಣ್ಣ ಬಂದಿರಬೇಕು. ಕೊನೆಯ ಸಾಲಿನಲ್ಲಿ ಒಂದೇ ಒಂದು ಚೌಕ ಖಾಲಿ ಉಳಿದಿದ್ದರೂ ಮೇಲೆಲ್ಲೋ ತಪ್ಪಾಗಿದೆ. ಬಣ್ಣ ಹಚ್ಚುವ ಮೊದಲು ಪೆನ್ಸಿಲಿನಲ್ಲಿ ಒಮ್ಮೆ ಗುರುತು ಮಾಡಿಕೊಳ್ಳುವುದು ಒಳ್ಳೆಯದು.